ಬಂದೂಕಿಗೊಂದು ಚೀಲ

"ಚೀಲ ಇಲ್ಲದೆ ಹೊರಗೆ ಬಿಡಲ್ಲ," ಎಂದು ಮುದುಕ ಬಾಗಿಲಿಗೆ ಅಡ್ಡ ನಿಂತ.

ಹುಡುಗಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳದು ದರೋಡೆಗಾರ್ತಿಯ ವೇಷ. ಮಾಸಲು ಕೋಟು, ಮೊಣಕಾಲುದ್ದದ ಬೂಟು, ಹೆಗಲಿಗೆ ಬಂದೂಕು. ಬಂದೂಕು ಬರೀ ಮರದ್ದು. ಆದರೆ ಎಣ್ಣೆಗಪ್ಪು ಬಳಿದು, ಸವೆದ ಅಂಚಿಗೆ ಬೆಳ್ಳಿಬಣ್ಣ ತೀಡಿ, ಹಿಡಿಯ ಹತ್ತಿರ ತುಕ್ಕನ್ನೂ ಬರೆದಿದ್ದಳು. ಇವತ್ತು ಬಹುಮಾನ ಬಂದದ್ದೇ ಆ ತುಕ್ಕಿಗೆ. ಫೋಟೋ ಚೆನ್ನಾಗಿ ಬರಲಿ ಅಂತ ಬಂದೂಕಿನ ಬಾಯಿಗೆ ಸುತ್ತಿದ್ದ ಕೆಂಪು ಪಟ್ಟಿಯನ್ನೂ ಕಿತ್ತಿದ್ದಳು.

"ತಾತ, ಇದು ಮರ. ಬೆಳಿಗ್ಗೆ ನೀವೇ ತಟ್ಟಿ ನೋಡಿ ಒಳಗೆ ಬಿಟ್ಟಿರಿ."

"ನನಗೆ ಗೊತ್ತು. ಬೀದಿಗೆ ಗೊತ್ತಿಲ್ಲವಲ್ಲ."

ಮೆಚ್ಚಿನ ಕಥೆಗಳ ಪಾತ್ರಗಳಾಗಿ ವೇಷ ಹಾಕಿಕೊಂಡು ಜನ ಸೇರುವ ಸಮ್ಮೇಳನ ಅದು. ಬಾಗಿಲ ಪಕ್ಕದ ಮೇಜು ಮುದುಕನದು. ಒಳಗೆ ಬರುವವರ ಕತ್ತಿಯ ಮೊನೆ ಒತ್ತಿ ನೋಡುತ್ತಿದ್ದ. ಒರೆಯಿಂದ ಎಳೆಯಲಾಗದಂತೆ ದಾರ ಬಿಗಿಯುತ್ತಿದ್ದ. ಬಂದೂಕಾದರೆ, ನಕಲಿ ಅಂತ ತಿಳಿಯಲು, ಬಾಯಿಗೆ ಕೆಂಪು ಪಟ್ಟಿ. ಹೊರಗೆ ಹೋಗುವಾಗ ಮಾತ್ರ ಎಲ್ಲರಿಗೂ ಒಂದೇ ಕಟ್ಟಳೆ: ಆಯುಧ ಬಟ್ಟೆಯ ಚೀಲಕ್ಕಿಳಿಯಬೇಕು, ಚೀಲದ ಬಾಯಿ ಕಟ್ಟಬೇಕು. ಆಮೇಲೇ ಬಾಗಿಲು. ಹೀಗಾಗಿ ಅವನಿಗೆ 'ಚೀಲದ ತಾತ' ಅಂತಲೇ ಹೆಸರು ಬಿದ್ದಿತ್ತು.

ಚೀಲ ಹೊಲಿಯುವವಳು ಪಕ್ಕದಲ್ಲಿ ಕೂತ ಹೆಂಗಸು. ಹಳೆಯ ಪರದೆಯೋ ಹರಿದ ಹೊದಿಕೆಯೋ, ಕೈಗೆ ಸಿಕ್ಕದ್ದೆಲ್ಲ ಚೀಲವಾಗುತ್ತಿತ್ತು. ಒಂದೇ ಮೇಜಿಗೆ ಕೂತರೂ ಇಬ್ಬರ ಬುತ್ತಿ ಬೇರೆ, ಬರುವ ಬಸ್ಸು ಬೇರೆ. ಮಾತೆಂದರೆ "ರೀ, ಕತ್ತರಿ ಕೊಡಿ", "ತಗೊಳ್ಳಿ", ಅಷ್ಟೇ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಅವನು ತಲೆ ಎತ್ತುತ್ತಿರಲಿಲ್ಲ. ವೇಷದ ಹುಡುಗರು ತಮ್ಮಲ್ಲೇ ನಗುತ್ತಿದ್ದರು: ನಮ್ಮ ಅಜ್ಜಿ ತಾತನೂ ಹೀಗೇ ಕಣೋ, ಯಾವ ಕಾಲದಲ್ಲೋ ಟೂ ಬಿಟ್ಟವರು ಇನ್ನೂ ರಾಜಿಯಾಗಿಲ್ಲ.

"ಬಣ್ಣ ಇನ್ನೂ ಹಸಿ ಇದೆ," ಅಂದಳು ಹುಡುಗಿ. "ಚೀಲಕ್ಕೆ ತುರುಕಿದರೆ ತುಕ್ಕೆಲ್ಲ ಎದ್ದುಹೋಗುತ್ತೆ."

"ತುಕ್ಕು ಹೋಗುತ್ತೆ ಅಂತ ಅಳೋಳನ್ನ ಇವತ್ತೇ ನೋಡಿದ್ದು," ಅಂದಳು ಹೆಂಗಸು, ಸೂಜಿಯಿಂದ ಕಣ್ಣು ತೆಗೆಯದೆ.

"ಬಸ್ ಸ್ಟಾಪು ಎದುರಿಗೇ ಇದೆಯಲ್ಲ ಆಂಟಿ. ಅಷ್ಟರೊಳಗೆ ಯಾರಾದರೂ ನನ್ನ ನುಂಗಿಬಿಡ್ತಾರಾ?"

ಹಾಗೆಂದವಳೇ ಮುದುಕನ ತೋಳಿನಡಿ ನುಸುಳಿ ಬೀದಿಗಿಳಿದಳು.

ಹೊರಗೆ ಮಬ್ಬು ಕವಿದಿತ್ತು. ಬಾಗಿಲೆಳೆಯುತ್ತಿದ್ದ ಅಂಗಡಿಯವಳ ಕೈ ಅರ್ಧಕ್ಕೇ ನಿಂತಿತು. ಯಾರೋ ಒಬ್ಬ ಮಗುವನ್ನು ಬೆನ್ನಹಿಂದೆ ಎಳೆದುಕೊಂಡ. ಹುಡುಗಿಗೆ ಇದಾವುದೂ ಕಾಣಲಿಲ್ಲ. ತೂಗುಹಾಕಿದ್ದ ಬಾರು ಹೆಗಲು ಕೊರೆಯುತ್ತಿತ್ತೇನೋ, ಬಂದೂಕನ್ನು ಕೈಗಿಳಿಸಿದಳು. ಅದರ ಬಾಯಿ ರಸ್ತೆಯತ್ತ ತಿರುಗಿತು. ಅದೇ ಹೊತ್ತಿಗೆ ಮೂಲೆಯಲ್ಲಿ ಪೊಲೀಸ್ ಜೀಪು ನಿಧಾನವಾಯಿತು.

ಮುದುಕ ಓಡಿದ. ಆ ವಯಸ್ಸಿಗೆ ಸಲ್ಲದ ಓಟ. ಜೀಪಿಗೂ ಅವಳಿಗೂ ನಡುವೆ, ಬರಿಗೈ ಅಗಲಿಸಿ ನಿಂತುಬಿಟ್ಟ.

"ತಿರುಗಬೇಡ. ಎತ್ತಬೇಡ. ಹಾಗೇ ಕೆಳಗಿಡು."

ಅದು ಮೇಜಿನ ಹಿಂದಿನ ಸಣ್ಣ ದನಿಯಲ್ಲ. ಹುಡುಗಿಯ ಕೈ ತಾನಾಗಿ ತಗ್ಗಿತು. ಅವನು ಸ್ವೆಟರ್ ಕಳಚಿ ಬಂದೂಕಿನ ಮೇಲೆ ಹೊದಿಸಿದ. ಜೀಪು ಒಂದು ಗಳಿಗೆ ನಿಂತು, ಮುಂದೆ ಹೋಯಿತು. ಒಳಗಿದ್ದವನ ಕೈ ಸೊಂಟದಿಂದ ಸರಿದದ್ದನ್ನು ಹುಡುಗಿಯೂ ನೋಡಿದಳು.

ಹುಡುಗಿ ಮರಳಿ ಬಂದು ಮೇಜಿನೆದುರು ಕೂತಳು. ಹೆಂಗಸು ನೀರು ಕೊಟ್ಟಳು. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು, ಬಣ್ಣ ಅಂಟದಂತೆ ಮೆತ್ತನೆಯ ಬಟ್ಟೆ ಸುತ್ತತೊಡಗಿದಳು.

"ನನ್ನ ಮಗನದು ಪಿಸ್ತೂಲು," ಅಂದಳು. "ರಟ್ಟಿನದು. ಇಲ್ಲಿಂದಲೇ ಹೊರಟಿದ್ದ, ವೇಷದಲ್ಲೇ. ದಾರಿಯಲ್ಲಿ ಪೊಲೀಸಿನವರೊಬ್ಬರು ನಿಲ್ಲು ಅಂದರು. ಇದು ರಟ್ಟಿನದು ಅಂತ ತೋರಿಸೋಕೆ ಸೊಂಟಕ್ಕೆ ಕೈ ಹಾಕಿದ. ಆ ಪುಣ್ಯಾತ್ಮರು ಬೇರೇನೋ ಅಂದುಕೊಂಡು ಗುಂಡು ಹಾರಿಸಿಬಿಟ್ಟರು."

ಮುದುಕ ಮೇಜಿನ ಗೆರೆಗಳನ್ನು ನೋಡುತ್ತಿದ್ದ. ಈ ಮಾತು ಅವಳ ಬಾಯಲ್ಲಿ ಎಷ್ಟು ಸಲ ಕೇಳಿದರೂ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಸೊಂಟಕ್ಕೆ ಕೈ ಹಾಕುವಾಗ ಹುಡುಗ ನಗುತ್ತಿದ್ದ. ಅದೊಂದು ಮಾತ್ರ ಅವಳ ಕಥೆಯಲ್ಲಿ ಬರುವುದಿಲ್ಲ.

ಹುಡುಗಿಯ ಕಣ್ಣು ತುಂಬಿತು. ಎದ್ದು ಬಂದು ಮುದುಕನ ಎರಡೂ ಕೈ ಹಿಡಿದುಕೊಂಡಳು.

"ಕ್ಷಮಿಸಿ ತಾತ. ನಿಮ್ಮ ಮಗನ ವಿಷಯ ನನಗೆ ಗೊತ್ತಿರಲಿಲ್ಲ. ಹೆತ್ತವರ ಕರುಳು ಎಷ್ಟು ಬೆಂದಿರಬೇಕು."

ಪ್ರತಿ ಸಲವೂ ಯಾರಾದರೂ ಹೀಗೆಯೇ ಅನ್ನುತ್ತಿದ್ದರು. ಪ್ರತಿ ಸಲವೂ ಅವನು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದ. ಜನ ಅದನ್ನು ದುಃಖ ಅಂದುಕೊಳ್ಳುತ್ತಿದ್ದರು. ಇವತ್ತೂ ಸುಮ್ಮನಿದ್ದುಬಿಡುತ್ತಿದ್ದನೇನೋ. ಆದರೆ ಹೆಂಗಸಿನ ಕೈ ನಿಂತಿತ್ತು. ಅವಳು ಮೊದಲ ಸಲ ಅವನ ಮುಖವನ್ನೇ ನೋಡುತ್ತಿದ್ದಳು.

ಮುದುಕ ಮೆಲ್ಲಗೆ ಕೈ ಬಿಡಿಸಿಕೊಂಡ.

"ಅವನು ಈ ತಾಯಿಯ ಮಗ ಕಣಮ್ಮ," ಅಂದ. "ಗುಂಡು ಹಾರಿಸಿದವನು ನಾನು."