ಗೆರೆಯಿಲ್ಲದ ಮೂಳೆ

“ಅಂದರೆ ನನ್ನ ಡೈನೋಸಾರ್ ಬರೀ ಮರಿ ಅಂತೀಯಾ?” ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆಯೇ ಪ್ರೊಫೆಸರ್ ಕೇಳಿದರು.

“ಮೂಳೆ ಹಾಗನ್ನುತ್ತೆ ಸರ್,” ಎಂದಳು ಅವರ ಸಂಶೋಧನಾ ವಿದ್ಯಾರ್ಥಿನಿ. ಕಲ್ಲಾಗಿದ್ದ ತೊಡೆಮೂಳೆಯನ್ನು ಅಡ್ಡಕ್ಕೆ ಕೊಯ್ದು, ತೆಳ್ಳಗಿನ ಬಿಲ್ಲೆ ಮಾಡಿ ಅವರ ಮುಂದಿಟ್ಟಿದ್ದಳು. ಮರದ ಕಾಂಡದಲ್ಲಿರುವಂತೆ ಅದರಲ್ಲೂ ವರ್ಷಕ್ಕೊಂದು ಸುತ್ತುಗೆರೆ ಮೂಡಬೇಕು. “ಒಂದು ಗೆರೆಯೂ ಇಲ್ಲ. ವರ್ಷ ತುಂಬುವ ಮೊದಲೇ ಸತ್ತಿದೆ.”

ಕೋಳಿ ಗಾತ್ರದ, ಮೈತುಂಬ ಗರಿಯಿದ್ದ ಆ ಪ್ರಾಣಿ ಹೊಸ ಪ್ರಭೇದವೆಂದು ಪ್ರೊಫೆಸರ್ ಜಗತ್ತಿಗೆಲ್ಲ ಸಾರಿದ್ದರು. ದೊಡ್ಡ ಕಣ್ಣು, ಗಿಡ್ಡ ಮೂತಿ, ಇನ್ನೂ ಕೂಡಿಕೊಳ್ಳದ ತಲೆಬುರುಡೆ. ಇಂಥ ವಿಶಿಷ್ಟ ಲಕ್ಷಣಗಳು ಬೇರೆಲ್ಲೂ ಇಲ್ಲವೆಂದು ಬರೆದಿದ್ದರು. ಪಾಪ, ಅವರು ಯಾವ ತೊಟ್ಟಿಲೊಳಗೂ ಇಣುಕಿದವರಲ್ಲ.

“ಯಾವುದರ ಮರಿ?”

“ನಿಮ್ಮ ಭಾವಮೈದುನರು ಹೆಸರಿಟ್ಟ ಪ್ರಾಣಿಯದ್ದು ಸರ್. ಎಲ್ಲ ಮೂಳೆಯೂ ತಾಳೆಯಾಗುತ್ತೆ. ಅವರು ಮೊದಲು ಹೆಸರಿಟ್ಟಿದ್ದಾರಲ್ಲ, ನಿಯಮದ ಪ್ರಕಾರ ಅದೇ ಉಳಿಯುತ್ತೆ. ನಿಮ್ಮದು ಹೋಗುತ್ತೆ.”

ಭಾವಮೈದುನನೂ ಇದೇ ಶಾಸ್ತ್ರದ ಪಂಡಿತ. ಭಾವನಿಗೂ ಅವನಿಗೂ ಮಾತು ನಿಂತು ಎಷ್ಟೋ ಕಾಲವಾಗಿತ್ತು. ಒಂದೇ ಮೇಜಿನಲ್ಲಿ ಊಟಕ್ಕೆ ಕೂತರೂ ಉಪ್ಪು ಬೇಕೆಂದರೆ ಪ್ರೊಫೆಸರರ ಹೆಂಡತಿಯೇ ನಡುವೆ ಬರಬೇಕು.

“ನನ್ನದು ಹೋಗಿ ಅವನದರ ಮಡಿಲಲ್ಲಿ ಕೂರಬೇಕಾ? ಮನೇಲಿ ಮುಖ ಹೇಗೆ ತೋರಿಸಲಿ?” ಪ್ರೊಫೆಸರ್ ಕೆಂಪಗಾದರು. ಆಮೇಲೆ ದನಿ ತಗ್ಗಿಸಿದರು. “ಕುಳ್ಳ ಪ್ರಭೇದ ಅಂತ ಬರಿ. ವಯಸ್ಸಾಗಿದೆ, ಬೆಳೆದಿಲ್ಲ ಅಷ್ಟೆ. ನಮ್ಮ ವಿಭಾಗದಲ್ಲೇ ಅಂಥವರು ಎಷ್ಟು ಜನ ಇಲ್ಲ?”

“ಸರ್, ನನ್ನ ಪ್ರಬಂಧದ ತಿರುಳೇ ಇದು.”

“ಅದಕ್ಕೆ ನನ್ನ ಸಹಿ ಬೇಕು ತಾನೆ?”

ಬೇಕಿತ್ತು. ಸಂಜೆಯೊಳಗೆ ಸಹಿಯಾಗದಿದ್ದರೆ ಡಾಕ್ಟರೇಟಿಗೂ, ಅದನ್ನೇ ನಂಬಿ ಒಪ್ಪಿಕೊಂಡಿದ್ದ ಕೆಲಸಕ್ಕೂ ಎಳ್ಳುನೀರು ಬಿಡಬೇಕು. ಅವಳಿಗೆ ಮೈಯೆಲ್ಲ ಉರಿಯಿತು, ಆದರೆ ಬಾಯಿಂದ ಹೊರಟದ್ದು ಸಣ್ಣ ದನಿ. “ಕೊಯ್ದ ಮೂಳೆ ಹಾಗೇ ಇದೆಯಲ್ಲ ಸರ್. ನಾಳೆ ಯಾರಾದರೂ ನೋಡಿದರೆ?”

ಪ್ರೊಫೆಸರ್ ಮೇಜಿನ ಖಾನೆಯಿಂದ ಅಂಟಿನ ಟ್ಯೂಬು ತೆಗೆದು ಅವಳ ಕಡೆ ಸರಿಸಿದರು. “ಅಂಟಿಸಿಬಿಡಮ್ಮ.”

ಸಹಿಯ ಹಾಳೆ ಅವರ ಮುಂದಿತ್ತು, ಮೂಳೆ ಅವಳ ಮುಂದೆ. ಅವಳು ಟ್ಯೂಬಿನ ಮುಚ್ಚಳ ತಿರುಗಿಸಿದಳು. ಅದು ಬಿಚ್ಚಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆಯೇ ಪ್ರೊಫೆಸರ್ ತಮ್ಮ ಪೆನ್ನಿನ ಮುಚ್ಚಳ ತೆಗೆದರು.