ಕಠಾರಿಯ ಗುರುತು

ನಿಘಂಟು ಕಚೇರಿಯ ಕಾಗದವನ್ನು ಮಿಸ್ ಹೆಸ್ಟರ್ ಟಾಲ್ವರ್ದಿ ಮೂರನೆಯ ಸಲ ಓದಿದಳು. ಹನ್ನೊಂದು ವರ್ಷಗಳಿಂದ ಹಳೆಯ ಪುಸ್ತಕಗಳನ್ನು ಜಾಲಾಡಿ, ಅಪರೂಪದ ಪದಗಳನ್ನು ಚೀಟಿಗಳಲ್ಲಿ ಬರೆದು ಬಿಟ್ಟಿಯಾಗಿ ಕಳಿಸುತ್ತ ಬಂದವಳು ಅವಳು. ಮೊಟ್ಟಮೊದಲು ಕಳಿಸಿದ್ದು 'ಗ್ರೈಡ್' ಎಂಬ ಕ್ರಿಯಾಪದ. ಕಿರ್ರೆಂದು ಕೊರೆಯುತ್ತ ಒಳಗಿಳಿಯುವುದು ಎಂದರ್ಥ. ಹಿಂದಿನ ಕಾವ್ಯಗಳಲ್ಲಿ ಈಟಿಗಳೆಲ್ಲ ವೀರರ ಎದೆಯೊಳಗೆ ಗ್ರೈಡಿಸುತ್ತಿದ್ದವು. ಕಳೆದ ಐವತ್ತು ವರ್ಷಗಳಲ್ಲಿ ಅದು ಎಲ್ಲಾದರೂ ಅಚ್ಚಾದದ್ದಕ್ಕೆ ಮುಂದಿನ ಶನಿವಾರದೊಳಗೆ ಪುರಾವೆ ಸಿಗದಿದ್ದರೆ, ಸತ್ತ ಪದವೆಂದು ಅದರ ಮಗ್ಗುಲಿಗೆ ಕಠಾರಿಯ ಗುರುತು ಹಾಕುವುದಾಗಿ ಸಂಪಾದಕರು ತಿಳಿಸಿದ್ದರು.

ಮಹಡಿಯ ಬಾಡಿಗೆದಾರ ಪೆಟಿಫರ್ ಅಗ್ಗದ ವಾರಪತ್ರಿಕೆಯೊಂದಕ್ಕೆ ಧಾರಾವಾಹಿ ಬರೆಯುವವನು. ಅವನ ಕಥೆಯಲ್ಲಿ ಕೌಂಟ್ ಪದವಿಯ ಶ್ರೀಮಂತನೊಬ್ಬ ವಾರವಾರವೂ ಸಾಯುತ್ತಿದ್ದ.

"ಈ ವಾರದವನನ್ನ ಗ್ರೈಡಿಸಿ ಕೊಲ್ಲಿ" ಎಂದಳು ಹೆಸ್ಟರ್.

"ಓದೋರಿಗೆ ಅರ್ಥ ಆಗಲ್ಲ, ಮೇಡಂ."

"ಸಾಯೋನಿಗೆ ಅರ್ಥವಾದ್ರೆ ಸಾಕು. ಭಾನುವಾರ ಕಿಡ್ನಿ ಪೈ ಮಾಡ್ತೀನಿ."

ಪೈಗೆ ಅವನು ಸೋತ. ಕತ್ತಿಯು ಕೌಂಟನ ಪಕ್ಕೆಯೊಳಗೆ ಗ್ರೈಡಿಸಿತೆಂದು ಅವಳ ಕಣ್ಣೆದುರಿಗೇ ಬರೆದು ಅಂಚೆಗೆ ಹಾಕಿದ.

ಶುಕ್ರವಾರ ಬೆಳಿಗ್ಗೆ ಪತ್ರಿಕೆ ಬಂತು. ಹೊಸ್ತಿಲಲ್ಲಿ ನಿಂತೇ ಹೆಸ್ಟರ್ ಹಾಳೆ ತಿರುವಿದಳು. ಕೌಂಟ್ ಸತ್ತಿದ್ದ, ಕತ್ತಿ ಮಾತ್ರ ಬರಿದೇ 'ಇಳಿದಿತ್ತು'. ಅಚ್ಚಿನ ಮೊಳೆ ಜೋಡಿಸುವವನು ಏನೋ ತಪ್ಪೆಂದು ಭಾವಿಸಿ ತಿದ್ದಿಬಿಟ್ಟಿದ್ದ. ಅವಳು ಮೆಟ್ಟಿಲ ಮೇಲೆ ಕುಸಿದು ಕುಳಿತಳು.

ಅಷ್ಟರಲ್ಲಿ ಹಾಲು ಹಾಕುವ ಮುದುಕ ಜೋಬ್ ಕ್ಯಾನು ಹಿಡಿದು ಒಳಬಂದ. "ಗೇಟು ಮತ್ತೆ ಗ್ರೈಡಿಸ್ತಾ ಐತೆ ಕಣಮ್ಮ. ಕಂಬ ಅರ್ಧ ತಿಂದಾಕೈತೆ. ಎಣ್ಣೆ ಬಿಡ್ಸಿ ಅಂತ ಎರಡು ವರ್ಷದಿಂದ ಬಡ್ಕೋತಾ ಇದೀನಿ."

ಹೆಸ್ಟರ್ ಥಟ್ಟನೆ ತಲೆಯೆತ್ತಿದಳು. "ಹಾಗಂತ ಎಲ್ಲಿ ಓದಿದ್ದು ನೀನು?"

"ನಂಗೆಲ್ಲಿ ಓದು? ನಮ್ ಕಡೆ ಎಲ್ಲಾರೂ ಹಂಗೇ ಅನ್ನೋದು."

"ಅಚ್ಚಿನಲ್ಲಿ ಎಲ್ಲೂ ಇಲ್ವಾ?"

"ಗೇಟು ಕಿರುಗುಟ್ಟೋದನ್ನ ಯಾರಮ್ಮ ಅಚ್ಚಾಕಿಸ್ತಾರೆ?"

"ಹಾಗಾದ್ರೆ ಲೆಕ್ಕಕ್ಕೆ ಬರಲ್ಲ, ಜೋಬ್" ಎಂದು ನಿಟ್ಟುಸಿರಿಟ್ಟು ಒಳಹೋದ ಹೆಸ್ಟರ್, ಸಾವಿನ ಸುದ್ದಿ ತಿಳಿಸಲೆಂದೇ ಇಟ್ಟಿದ್ದ ಕಪ್ಪು ಅಂಚಿನ ಕಾಗದವನ್ನು ತೆಗೆದು, ಕಿಟಕಿಯ ಬಳಿ ಸಂಪಾದಕರಿಗೆ ಬರೆಯಲು ಕುಳಿತಳು.

ಆ ಕಪ್ಪು ಅಂಚು ಕಣ್ಣಿಗೆ ಬಿದ್ದದ್ದೇ ಜೋಬ್ ಟೋಪಿ ತೆಗೆದ. ಹೋದವರು ಯಾರೆಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಯಾರಾದರೇನು, ಸಲ್ಲಬೇಕಾದ ಮರ್ಯಾದೆ ಸಲ್ಲಬೇಕಲ್ಲ; ಹೋಗುವಾಗ ಗೇಟನ್ನು ಗ್ರೈಡಿಸದಂತೆ ಎರಡೂ ಕೈಗಳಲ್ಲಿ ಎತ್ತಿ ಹಿಡಿದು, ಮೆಲ್ಲಗೆ ಮುಚ್ಚಿಕೊಂಡು ಹೋದ.