ನಲವತ್ತಮೂರನೆಯ ಕಣ್ಣು

ಒಂದು ಕಣ್ಣು ಮುಚ್ಚಲು ಮರೆತದ್ದು ದೇವಪ್ಪನಿಗೆ ಹೊಳೆಯುವಷ್ಟರಲ್ಲಿ ವಿಶ್ವನಾಥ ಮಾಸ್ತರರ ಮಗಳು ಸುಪ್ರಿಯಾಳ ಮದುವೆಯ ಸಿಡಿ ಅವರ ಮನೆಯ ಟಿವಿಯಲ್ಲಿ ತಿರುಗತೊಡಗಿತ್ತು. ಎದುರಿಗೆ ಇಡೀ ಹೊನ್ನಾವರವೇ ಕೂತಿತ್ತು. ಹೆಚ್ಚೆಂದರೆ ನಾಲ್ಕು ಮನೆಯವರು ಬಂದಿರಲಿಲ್ಲ.

ದೇವಪ್ಪನೆಂದರೆ ಸಾಮಾನ್ಯನಲ್ಲ. 2004ರ ಹೊತ್ತಿಗೆ ಭಟ್ಕಳದಿಂದ ಕುಮಟೆಯವರೆಗೆ ಮದುವೆ ವಿಡಿಯೋಕ್ಕೆ ಗ್ರಾಫಿಕ್ಸ್ ಟೈಟಲ್ ಮಾಡುವವ ಅವನೊಬ್ಬನೇ. ಕುಮಟೆಯಲ್ಲಿ ಇನ್ನೊಬ್ಬನಿದ್ದ, ಅವನನ್ನು ದೇವಪ್ಪ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇವನು ಪರದೆಯ ಮೇಲೆ ಸುರಿಸುವ ಗುಲಾಬಿ ಎಸಳಿನ ಮಳೆ ಕಂಡು, ಅಂಗಳದಲ್ಲಿ ಒಣಹಾಕಿದ ಬಟ್ಟೆ ಒಳಗೆ ತಂದವರಿದ್ದಾರೆ.

ಕೆಲಸ ಹೀಗೆ. ಕಂಪ್ಯೂಟರಿನಲ್ಲಿ ಒಬ್ಬೊಬ್ಬರ ಫೋಟೋಕ್ಕೂ ಒಂದೊಂದು ಲೇಯರು, ಗಾಜಿನ ಹಾಳೆ ಪೇರಿಸಿಟ್ಟಂತೆ. ಪ್ರತಿಯೊಂದರ ಪಕ್ಕ ಒಂದು ಕಣ್ಣಿನ ಗುರುತು. ಒತ್ತಿದರೆ ಕಣ್ಣು ಮುಚ್ಚುತ್ತದೆ, ಮನುಷ್ಯ ಮಾಯ. ತೆರೆದೇ ಇದ್ದರೆ ಅವನ ಕೆಳಗಿನ ಹಾಳೆಯವನು ಕಾಣುವುದಿಲ್ಲ. ಪ್ರತಿ ಮದುವೆಗೂ ಹೊಸದಾಗಿ ಕಟ್ಟುವುದು ಪೆದ್ದರ ಕೆಲಸವೆಂದು ದೇವಪ್ಪನ ಮತ. ಹಿಂದಿನ ತಿಂಗಳು ಸಂತೆಗುಳಿ ಊರಲ್ಲಾದ ಮದುವೆಯ ಫೈಲನ್ನೇ ತೆರೆದು, ಅದರಲ್ಲೇ ಈ ಮನೆಯವರನ್ನು ತುಂಬಿಸಿದ್ದ. ಮಾಸ್ತರರ ಪಟ್ಟಿಯಲ್ಲಿದ್ದದ್ದು ನಲವತ್ತೆರಡು ಮುಖ. ಪರದೆಯಲ್ಲಿ ತೆರೆದಿದ್ದ ಕಣ್ಣು ನಲವತ್ತಮೂರು.

ಹೆಚ್ಚಿನದು ನಾಗಮ್ಮನದೇ ಇರಬೇಕು, ಅವಳ ಹಾಳೆ ಎರಡು ಸಲ ಬಿದ್ದಿರಬೇಕು ಎಂದು ದೇವಪ್ಪ ಹೆದರಿದ.

ನಾಗಮ್ಮ, ಸರೋಜಾ ಇಬ್ಬರೂ ಮಾಸ್ತರರ ಅಕ್ಕಂದಿರು. ಆರತಿ ತಟ್ಟೆ ಯಾರು ಹಿಡಿಯಬೇಕೆಂದು ಜಗಳಾಡಿ ಹನ್ನೆರಡು ವರ್ಷದಿಂದ ಮಾತು ಬಿಟ್ಟವರು. ಮಾಸ್ತರರು ಮೊದಲೇ ಹೇಳಿದ್ದರು: "ಟಿವೀಲಿ ನಾಗಕ್ಕ ಹೋದ ಮೇಲೇ ಸರೋಜಕ್ಕ ಬರಬೇಕು. ಇಬ್ರೂ ಒಟ್ಟಿಗೆ ಕಂಡ್ರೆ ನಿನ್ನ ಕತೆ ಆತು. ಸಣ್ಣ ಮಗಳು ಚಂದನಾನ ಮದ್ವೆಗೆ ನಾನು ಕುಮಟೆಯವ್ನಿಗೇ ಹೇಳೂದು."

ಕುಮಟೆಯವನಿಗೆ! ದೇವಪ್ಪ ಅಂಗಿಯ ತುದಿಯಲ್ಲಿ ಬೆವರು ಒರೆಸಿಕೊಂಡ. ಹಿಂಡಿದ್ದರೆ ಒಂದು ಕೊಡ ತುಂಬುತ್ತಿತ್ತು.

ಟಿವಿಯಲ್ಲಿ ನಾಗಮ್ಮ ಕಮಲದೊಳಗಿಂದ ಎದ್ದು ಬಂದಳು. ನಕ್ಕಳು. ಕರಗಿದಳು. ಸರೋಜಾ ಬಂದಳು, ಒಬ್ಬಳೇ.

"ಎಂತ ದೇವಪ್ಪ, ನನ್ನನ್ನ ಇಷ್ಟು ಬೇಗ ಓಡಿಸ್ದೆ?" ನಾಗಮ್ಮ ಕೇಳಿದಳು.

"ಹೆಚ್ಚು ಹೊತ್ತು ನಿಂತ್ರೆ ಟಿವಿ ಬಿಸಿ ಆಗ್ತದೆ ಅಮ್ಮ."

"ಕೆಲವ್ರು ಬಂದ್ರೆ ಸಾಕು, ಸುಟ್ಟೇ ಹೋಗ್ತದೆ," ಎಂದಳು ಸರೋಜಾ, ಗೋಡೆಯ ಕಡೆ ನೋಡುತ್ತ.

ಕೊನೆಗೆ ಗುಲಾಬಿ ಮಳೆಯ ನಡುವೆ ಬಾಸಿಂಗ ಕಟ್ಟಿದ ಜೋಡಿ ಮೂಡಿತು. ಅಷ್ಟು ಹೊತ್ತಿಗೆ ಜನ ತಂತಮ್ಮ ಮುಖವನ್ನು ಇನ್ನೊಮ್ಮೆ ತೋರಿಸಲು ಕೂಗುತ್ತಿದ್ದರು. ಮದುಮಗನ ತಾಯಿ ಮಾತ್ರ ಕಣ್ಣೊರೆಸಿಕೊಂಡಳು. "ನನ್ನ ಮಗ ಎಷ್ಟು ಚಂದ ಬಂದಾನೆ ನೋಡಿ."

"ಅಡ್ಡಿಲ್ಲ ಮಾರಾಯ," ಮಾಸ್ತರರು ದೇವಪ್ಪನ ಬೆನ್ನು ತಟ್ಟಿದರು. "ಚಂದನಾನ ಮದ್ವೇದೂ ನಿಂದೇ."

ಮಾರನೆಯ ಬೆಳಿಗ್ಗೆ ಮದುಮಗ ಸಂತೋಷ ಒಬ್ಬನೇ ಸ್ಟುಡಿಯೋಕ್ಕೆ ಬಂದು ಬಾಗಿಲು ಎಳೆದುಕೊಂಡ.

"ಕಡೇಲಿ ಸುಪ್ರಿಯಾನ ಪಕ್ಕ ನಿಂತವ ನಾನಲ್ಲ."

ದೇವಪ್ಪ ಫೈಲು ತೆರೆದ. ಸಂತೋಷನ ಮೇಲಿನ ಹಾಳೆಯಲ್ಲಿ ಸಂತೆಗುಳಿಯ ಮದುಮಗ ಕಣ್ಣು ಬಿಟ್ಟುಕೊಂಡು ನಿಂತಿದ್ದ. ದೇವಪ್ಪನ ಕೈ ಮೌಸಿನತ್ತ ಹೋಯಿತು. "ಈಗ್ಲೇ ಮುಚ್ತೆ. ಮಾಸ್ತರ್ರಿಗೆ ಹೇಳಬೇಡ್ರಿ."

ಸಂತೋಷ ಆ ಕೈ ಹಿಡಿದುಕೊಂಡ. "ಮುಚ್ಚಬೇಡ. ಸುಪ್ರಿಯಾನೂ 'ನೀವು ಚಂದ ಬಂದೀರಿ' ಅಂದ್ಳು. ಇನ್ನೂ ನಾಲ್ಕು ಸಿಡಿ ಮಾಡು, ಅವನ ಮುಖದ್ದೇ."